ಲಾಳ ನೋಡಿ ಓಟ ಹೇಳುತ್ತಿದ್ದವನು

ತೋವಿನಕೆರೆ ಬಸ್ ನಿಲ್ದಾಣದ ಎದುರಿಗೆ ಅವನ ಫ್ಲೆಕ್ಸ್ ಕಟ್ಟಿದ್ದಾರೆ. ಬದುಕಿದ್ದಾಗ ಅವನು ತಲೆ ಬಾಚಿದ್ದನ್ನು ಯಾರೂ ಕಂಡಿರಲಿಲ್ಲ. ಫ್ಲೆಕ್ಸಿನಲ್ಲಿ ಕೂದಲು ನೀಟಾಗಿ ಕೂರಿಸಿ, ಹಿಂದುಗಡೆ ಎರಡು ಎತ್ತು ನಿಲ್ಲಿಸಿ, ತಲೆಯ ಮೇಲೊಂದು ಬಿಳಿ ಮೋಡವನ್ನೂ ಇಟ್ಟಿದ್ದಾರೆ. ಕೆಳಗೆ ದೊಡ್ಡದಾಗಿ "ಆಡಿದ ಮಾತು ಎಂದೂ ಸುಳ್ಳಾಗದ ಹಿರಿಯ ಜೀವಕ್ಕೆ ನಮನ" ಎಂದು ಬರೆಸಿದ್ದಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಷ್ಟು ದೊಡ್ಡ ಅಕ್ಷರ ಓದಲು ನಾಲ್ಕನೇ ಕ್ಲಾಸು ಸಾಕು. ಆ ಸಾಲು ಸುಳ್ಳು.

ಎತ್ತಿನ ಗಾಡಿ ಓಟದ ಹುಡುಗರು ಅವನ ನೆನಪಿಗೆ ಸಣ್ಣದೊಂದು ಪುಸ್ತಕ ಮಾಡಿಸುತ್ತಿದ್ದಾರೆ. ಗೊತ್ತಿದ್ದವರೆಲ್ಲ ಬರೆದುಕೊಡಬೇಕೆಂದು ನಮ್ಮ ಮನೆಗೂ ಬಂದಿದ್ದರು. "ಅಜ್ಜಿ, ನಿಮ್ಮನೇಲಿ ಎಷ್ಟು ಸಲ ಉಂಡವ್ರೆ ಅವ್ರು. ನೀವು ಬರೀದಿದ್ರೆ ಹೆಂಗೆ?" ಎಂದರು. ಬರೆಯುತ್ತೇನೆ. ಎದುರಿಗೆ ನಿಂತು ನೀನು ತಾನು ಎಂದವಳು ನಾನು. ಸತ್ತನೆಂದು ಈಗ ಬಹುವಚನ ಹಚ್ಚುವುದಿಲ್ಲ. ಪುಸ್ತಕಕ್ಕೆ ಹಾಕಿಕೊಂಡರೆ ಹಾಕಿಕೊಳ್ಳಿ, ಬಿಟ್ಟರೆ ಬಿಡಿ.

ಅವನ ಕಸುಬು ಎತ್ತಿಗೆ ಲಾಳ ಕಟ್ಟುವುದು. ಮನೆ ಶಿರಾದಲ್ಲಿ. ಸುತ್ತಲ ನಾಲ್ಕೂ ತಾಲ್ಲೂಕಿನಲ್ಲಿ ಅವನನ್ನು ಲಾಳದಯ್ಯ ಎಂದೇ ಕರೆಯುತ್ತಿದ್ದರು. ತೋವಿನಕೆರೆ ಸಂತೆಯ ದಿನ ಮೊಪೆಡ್ಡಿನ ಹಿಂದೆ ಗೋಣಿಚೀಲ ಬಿಗಿದುಕೊಂಡು ಬಂದು ಹೊಂಗೆ ಮರದ ಕೆಳಗೆ ಇಳಿಯುತ್ತಿದ್ದ. ಚೀಲದಲ್ಲಿ ಸುತ್ತಿಗೆ, ಇಕ್ಕಳ, ಗೊರಸು ಕೆತ್ತುವ ಉಳಿ, ಒಂದು ಡಬ್ಬಿ ಮೊಳೆ, ತಂತಿಗೆ ಪೋಣಿಸಿದ ಲಾಳಗಳು. ನಮ್ಮದು ಕಲ್ಲು ನೆಲ. ಓಟದ ಎತ್ತೇ ಆಗಲಿ, ಗೊಬ್ಬರದ ಗಾಡಿಯ ಎತ್ತೇ ಆಗಲಿ, ಲಾಳವಿಲ್ಲದೆ ಗೊರಸು ಉಳಿಯುವುದಿಲ್ಲ. ಎತ್ತಿನ ಗೊರಸು ಎರಡು ಸೀಳು, ಸೀಳಿಗೊಂದು ಲಾಳ.

ಕೆಲಸದಲ್ಲಿ ಅವನಿಗೆ ಸಮ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುದುಕಿ ಹೊಟ್ಟೆಕಿಚ್ಚಿಗೆ ಬರೆದಳು ಎನ್ನಬೇಡಿ. ಎತ್ತನ್ನು ಹಗ್ಗ ಸುತ್ತಿ ಕೆಡವುವಾಗ ಬೇರೆಯವರು ದಬ್ಬುತ್ತಾರೆ, ಒದೆಯುತ್ತಾರೆ. ಇವನು ಅದರ ಕಿವಿಯ ಹತ್ತಿರ ಬಾಯಿಟ್ಟು ಏನೋ ಗುಣುಗುತ್ತಿದ್ದ. ಎತ್ತು ತಾನಾಗಿ ಮಂಡಿಯೂರಿ ಮಲಗಿದಂತೆ ಮಲಗುತ್ತಿತ್ತು. ನಮ್ಮ ಎತ್ತಿನ ಗೊರಸು ಒಡೆದು ಹುಳು ಬಿದ್ದಾಗ ಮೂರು ಸಂತೆ ಬಿಡದೆ ಬಂದು ತೊಳೆದು, ಬೇವಿನೆಣ್ಣೆ ಹಾಕಿ, ಬಟ್ಟೆ ಕಟ್ಟಿ ಹೋದ. ಏನೂ ತೆಗೆದುಕೊಳ್ಳಲಿಲ್ಲ. "ಒಂದು ಮುದ್ದೆ ಇಕ್ಕು ಸಾಕು ಕಣಮ್ಮ" ಎಂದ. ಅಲ್ಲಿಂದ ಸಂತೆಯ ದಿನ ಅವನ ಊಟ ನಮ್ಮ ಮನೆಯಲ್ಲೇ ಆಯಿತು. ಮುದ್ದೆಯನ್ನು ನುಂಗುವ ಮೊದಲು ಹೆಬ್ಬೆರಳಿನಲ್ಲಿ ಒಮ್ಮೆ ಒತ್ತಿ ನೋಡುತ್ತಿದ್ದ. "ಇವತ್ತು ಗಂಟು ಐತೆ ಕಣಮ್ಮ, ಯಾರ ಮೇಲೆ ಸಿಟ್ಟು?" ಎಂದು ಕೇಳುತ್ತಿದ್ದ. ಹಾಳಾದವನು, ಸರಿಯಾಗಿಯೇ ಕೇಳುತ್ತಿದ್ದ.

ಆ ಹೆಬ್ಬೆರಳೇ ಅವನನ್ನು ದೊಡ್ಡವನನ್ನಾಗಿ ಮಾಡಿದ್ದು. ಎತ್ತಿನ ಕಾಲಿನಿಂದ ಹಳೇ ಲಾಳ ಕಿತ್ತ ಕೂಡಲೇ ಬಿಸಾಡುತ್ತಿರಲಿಲ್ಲ. ಪಂಚೆಯಲ್ಲಿ ಒರೆಸಿ, ಕಣ್ಣು ಮುಚ್ಚಿ, ಅದರ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. ಎಲ್ಲಿ ಸವೆದಿದೆ, ಎಲ್ಲಿ ಇಲ್ಲ, ಒಳಗಡೆಯೋ ಹೊರಗಡೆಯೋ, ಮುಂದಿನ ಮೂತಿಯೋ ಹಿಮ್ಮಡಿಯೋ. ಎತ್ತು ಓಡಿದ ರೀತಿ ಲಾಳದಲ್ಲಿ ಉಳಿದಿರುತ್ತದೆ, ಎತ್ತನ್ನು ಹಾಗೆ ಓಡಿಸಿದ್ದು ಗಾಡಿ ಹೊಡೆಯುವವನ ಕೈ, ಆದ್ದರಿಂದ ಕೈ ಹೇಗಿದೆ ಎಂದು ಲಾಳದಲ್ಲೇ ಗೊತ್ತಾಗುತ್ತದೆ. ಇದು ಅವನ ಲೆಕ್ಕ. "ಎತ್ತು ಯಾವ್ದಾದ್ರೂ ಆಗ್ಲಿ ಕಣ್ಲಾ, ಗಾಡಿ ಯಾವ್ದಾದ್ರೂ ಆಗ್ಲಿ. ನಂಗೆ ಹಗ್ಗ ಹಿಡ್ದೋನ ಕೈ ಹೇಳು" ಎನ್ನುತ್ತಿದ್ದ.

ರಾಗಿ ಕಣ ಮುಗಿದು ಸಂಕ್ರಾಂತಿ ಹತ್ತಿರ ಬಂತೆಂದರೆ ಓಟದ ಜೋಡಿಗಳಿಗೆಲ್ಲ ಹೊಸ ಲಾಳ ಆಗಬೇಕು. ಸಂಕ್ರಾಂತಿಯಿಂದ ಮುಂಗಾರಿನವರೆಗೆ ಓಟ. ಆ ಒಂದು ತಿಂಗಳು ಹೊಂಗೆ ಮರದ ಕೆಳಗೆ ಲಾಳ ಕಟ್ಟಿಸುವವರಿಗಿಂತ ಅವನ ಮಾತು ಕೇಳಲು ಬಂದವರೇ ಜಾಸ್ತಿ. ಬಾಯಲ್ಲಿ ಏಳೆಂಟು ಮೊಳೆ ಕಚ್ಚಿಕೊಂಡೇ ಹೇಳುತ್ತಿದ್ದ. ಹೇಳಿದ್ದಕ್ಕೆ ಯಾರಾದರೂ ಎದುರಾಡಿದರೆ ಉತ್ತರ ಕೊಡುತ್ತಿರಲಿಲ್ಲ. ಒಂದೊಂದೇ ಮೊಳೆ ಬಾಯಿಂದ ತೆಗೆದು ಹೊಡೆಯುತ್ತಿದ್ದ. ಕೊನೆಯ ಮೊಳೆ ಮುಗಿಯುವ ಹೊತ್ತಿಗೆ ಎದುರಾಡಿದವನಿಗೆ ತಾನೇ ತಪ್ಪೇನೋ ಅನ್ನಿಸಿ ಸುಮ್ಮನಾಗಿರುತ್ತಿದ್ದ.

ಒಂದು ವರ್ಷ ಮಧುಗಿರಿಯಿಂದ ಒಬ್ಬ ಹೆಸರಾಂತ ಓಟಗಾರ ಜೀಪಿನಲ್ಲಿ ಬಂದಿಳಿದ. ಹಿಂದಿನ ಸೀಜನ್ನಿನಲ್ಲಿ ಅವನನ್ನು ಹಿಡಿಯುವವರೇ ಇರಲಿಲ್ಲ. ಲಾಳದಯ್ಯ ಹಿಂಗಾಲಿನ ಲಾಳ ಕಿತ್ತು ಬೆರಳಾಡಿಸಿ, "ಮೂತಿ ಎಲ್ಲ ತಿಂದೋಗೈತೆ. ನಿನ್ನೆತ್ತು ಓಡ್ತಿಲ್ಲ ಕಣಪ್ಪ, ನಿನ್ನಿಂದ ತಪ್ಪಿಸ್ಕೊಂಡು ಹೋಗ್ತೈತೆ. ಕೋಲಿನ ತುದೀಲಿ ಏನು ಕಟ್ಟಿದ್ಯಾ?" ಎಂದ. ಓಟಗಾರ ನಕ್ಕ. "ನಗು ನಗು. ಈ ಸಲ ನಡು ಅಖಾಡದಲ್ಲಿ ಮಲಗ್ತದೆ" ಎಂದ. ಹಾಗೇ ಆಯಿತು. ಶಿರಾದ ಓಟದಲ್ಲಿ ಎತ್ತು ಅರ್ಧ ದಾರಿಯಲ್ಲಿ ಕುಸಿದು ಕುಳಿತುಕೊಂಡಿತು. ಕೋಲಿನ ತುದಿಯಲ್ಲಿ ಮೊಳೆ ಸಿಕ್ಕಿತು. ಆ ದಿನ ನನಗೂ ಖುಷಿಯಾಗಿತ್ತು. ಮೊಳೆ ಚುಚ್ಚುವವನಿಗೆ ಹಾಗೇ ಆಗಬೇಕು.

ಆದರೆ ಒಂದು ವಿಚಿತ್ರ ಕೇಳಿ. ಈ ಮನುಷ್ಯ ಒಂದು ಓಟವನ್ನೂ ನೋಡುತ್ತಿರಲಿಲ್ಲ. ಮನೆ ಪಕ್ಕದಲ್ಲೇ ಓಟವಿದ್ದರೂ ಹೋಗುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಅಲ್ಲೇನೈತೆ ನೋಡೋಕೆ? ನನ್ ಪಾಲಿಗೆ ಅದು ಮುಗ್ದೋಗಿರೋ ಕೆಲ್ಸ" ಎನ್ನುತ್ತಿದ್ದ. ಬಾಜಿಯನ್ನೂ ಕಟ್ಟುತ್ತಿರಲಿಲ್ಲ. ಜನ ಅದನ್ನು ದೊಡ್ಡ ಗುಣವೆಂದು ಹೊಗಳುತ್ತಿದ್ದರು. ನಾನೂ ಹೊಗಳಿದ್ದೆ. ಯಾರ ಬದುಕಿನ ಬಗ್ಗೆ ತೀರ್ಪು ಕೊಡುತ್ತೀಯೋ ಅವನು ಕೆಲಸ ಮಾಡುವುದನ್ನು ಒಂದು ಸಲವಾದರೂ ಕಣ್ಣಿಂದ ನೋಡಬೇಕೆಂಬ ಬುದ್ಧಿ ಆಗ ನನಗೆ ಇರಲಿಲ್ಲ.

ಇನ್ನೊಂದು ವಿಷಯವೂ ಆಗ ತಲೆಗೆ ಹೋಗಿರಲಿಲ್ಲ. ಇವನು ಗೆಲ್ಲುತ್ತಾನೆ ಎಂದು ಲಾಳದಯ್ಯ ಯಾರ ಬಗ್ಗೆ ಹೇಳುತ್ತಿದ್ದನೋ, ವಾರ ಕಳೆಯುವುದರೊಳಗೆ ಅವನ ಮನೆ ಮುಂದೆ ಎತ್ತಿನ ಯಜಮಾನರು ಬಂದು ನಿಲ್ಲುತ್ತಿದ್ದರು. ಒಳ್ಳೇ ಜೋಡಿಯ ಹಗ್ಗ ಅವನ ಕೈಗೆ. ಸೋಲುತ್ತಾನೆ ಎಂದವನ ಕೈಯಿಂದ ಜೋಡಿ ಕಿತ್ತುಕೊಳ್ಳುತ್ತಿದ್ದರು. ಒಳ್ಳೇ ಜೋಡಿ ಸಿಕ್ಕವನು ಗೆಲ್ಲದೆ ಇನ್ನೇನು ಮಾಡುತ್ತಾನೆ? ಕುಂಟು ಜೋಡಿ ಸಿಕ್ಕವನು ಸೋಲದೆ ಇನ್ನೇನು ಮಾಡುತ್ತಾನೆ? ಆಮೇಲೆ ಎಲ್ಲರೂ ಸೇರಿ, ಅಯ್ಯ ಹೇಳಿದ ಹಾಗೇ ಆಯಿತಲ್ಲ ಎಂದು ಬಾಯಿ ಬಿಡುವುದು. ಬುದ್ಧಿವಂತರು ಇಷ್ಟೊಂದು ಜನ ಇದ್ದಾರೆ ನಾಲ್ಕು ತಾಲ್ಲೂಕಿನಲ್ಲಿ. ಯಾರಿಗೂ ಇದು ಹೊಳೆಯಲಿಲ್ಲ. ನನಗೆ ಹೊಳೆದದ್ದೂ ನನ್ನ ಮನೆಯ ಮೇಲೆ ಬಿದ್ದ ಮೇಲೆ.

ನನ್ನ ಮೊಮ್ಮಗ ಸಿದ್ದೇಶ ಗಾಡಿ ಹೊಡೆಯುವುದನ್ನು ಕಲಿತದ್ದು ನಮ್ಮ ಗೊಬ್ಬರದ ಗಾಡಿಯ ಮೇಲೆ. ಮಾತು ಕಡಿಮೆ. ಎತ್ತಿನ ಜೊತೆಗೂ ಅಷ್ಟೇ. ಕೂಗುವುದಿಲ್ಲ, ಹೊಡೆಯುವುದಿಲ್ಲ, ಹಗ್ಗದಲ್ಲೇ ಹೇಳುತ್ತಾನೆ. ಒಂದು ಸಂಕ್ರಾಂತಿಗೆ ಮುಂಚೆ ಲಾಳದಯ್ಯ ನಮ್ಮ ಎತ್ತುಗಳ ಲಾಳ ಕಿತ್ತವನು ಬೆರಳಾಡಿಸಿ ಕಣ್ಣು ಬಿಟ್ಟ. "ಯಾರು ಹೊಡೆಯೋದು ಈ ಗಾಡಿಯ?" ಎಂದ. ಅವತ್ತು ಕೇಳಿದ, ನೆನಪಿಟ್ಟುಕೊಳ್ಳಿ. ಸಿದ್ದೇಶ ನಾನೇ ಎಂದ. "ಎಂಟು ಕಾಲೂ ಒಂದೇ ಸಮ ಸವೆದವೆ. ಎರಡು ಕೈಯೂ ಒಂದೇ ತೂಕ ಕಣ್ಲಾ ನಿಂದು. ಗೊಬ್ಬರ ಹೊರೋ ಕೈಯಲ್ಲ ಇದು" ಎಂದ.

ಆ ಮಾತು ಮಧುಗಿರಿಯ ಹತ್ತಿರದ ಹನುಮಂತರಾಯಪ್ಪನ ಕಿವಿಗೆ ಬಿತ್ತು. ಅವರ ಮನೆಯಲ್ಲಿ ಹಳ್ಳಿಕಾರ್ ಜೋಡಿ ಇತ್ತು, ನೋಡಿದರೆ ಕಣ್ಣು ತೆಗೆಯಲು ಆಗದಂಥದ್ದು. ಅದನ್ನು ಹೊಡೆಯುತ್ತಿದ್ದವನು ಅವರ ಬಾಮೈದ, ಪಾವಗಡದವನು. ಆ ಬಾಮೈದ ಓಡಿಸಿದ ಎತ್ತಿನ ಲಾಳ ನೋಡಿ ಲಾಳದಯ್ಯ ಹೇಳಿದ್ದು ಇಷ್ಟು: "ಬಲಗಡೆ ಎತ್ತಿನ ಹೊರಗಿನ ಲಾಳ ತಿಂದೋಗೈತೆ. ಬಲಗೈ ಒಂದರಲ್ಲೇ ಎಳೀತಾನೆ, ಎಡಗೈ ಸತ್ತೈತೆ. ಎತ್ತು ಉಳೀಬೇಕಾದ್ರೆ ಕೈ ಬದ್ಲಾಯ್ಸಿ." ಬದಲಾಯಿಸಿದರು. ಹಗ್ಗ ಸಿದ್ದೇಶನ ಕೈಗೆ ಬಂತು.

ಆ ಬಾಮೈದನ ಮನೆಯಲ್ಲೂ ಒಬ್ಬಳು ಅಜ್ಜಿ ಇದ್ದಿರಬಹುದು. ನನಗೆ ಅವಳ ನೆನಪಾಗಲಿಲ್ಲ. ಮುಂದಿನ ಸಂತೆಗೆ ನಾನು ಒಬ್ಬಟ್ಟು ಮಾಡಿ, ಲಾಳದಯ್ಯನ ಎಲೆಗೆ ತುಪ್ಪ ಸುರಿದೆ. ಅವನು ಒಬ್ಬಟ್ಟನ್ನೂ ಹೆಬ್ಬೆರಳಿನಲ್ಲಿ ಒತ್ತಿ, "ಇವತ್ತು ಗಂಟಿಲ್ಲ" ಎಂದ.

ಎರಡು ಸೀಜನ್ ಸಿದ್ದೇಶ ಓಡಿಸಿದ. ಕೊರಟಗೆರೆ, ಶಿರಾ, ಮಧುಗಿರಿ, ಪಾವಗಡ, ಎಲ್ಲಿ ಓಟವಿದ್ದರೂ ಮೊದಲ ಮೂರರಲ್ಲಿ ಅವನ ಗಾಡಿ. ನಾನು ಒಂದೆರಡು ಕಡೆ ಹೋಗಿ ನೋಡಿದ್ದೆ. ಬೇರೆಯವರು ಗಾಡಿಯ ಮೇಲೆ ನಿಂತು ದೆವ್ವ ಹಿಡಿದವರ ಹಾಗೆ ಕೈ ಕಾಲು ಬಡಿಯುತ್ತಿದ್ದರೆ ಇವನು ಬಾವಿಯಿಂದ ನೀರು ಸೇದುವವನ ಹಾಗೆ ಇರುತ್ತಿದ್ದ. ಅವನು ಹುಟ್ಟಿದ್ದೇ ಅದಕ್ಕೆ ಅನ್ನಿಸುತ್ತಿತ್ತು.

ಮೂರನೆಯ ವರ್ಷ ದೀಪಾವಳಿ ಕಳೆದ ಮೇಲೆ ಅವನಿಗೆ ಚಿಕೂನ್‌ಗುನ್ಯ ಬಂತು. ಒಂದು ತಿಂಗಳು ನಮ್ಮ ಪಡಸಾಲೆಯಲ್ಲೇ ಮಲಗಿದ್ದ. ಕೂತರೆ ಏಳಲಾರ, ಎದ್ದರೆ ಕೂರಲಾರ. ಜೋಡಿ ಹನುಮಂತರಾಯಪ್ಪನ ಮನೆಯಲ್ಲಿತ್ತು. ಅದನ್ನು ಅಷ್ಟು ದಿನ ಯಾರು ಗಾಡಿಗೆ ಹೂಡುತ್ತಿದ್ದಾರೆ ಎಂದು ನಾವು ಕೇಳಲಿಲ್ಲ. ಸಂಕ್ರಾಂತಿ ಹತ್ತಿರ ಬಂದಾಗ ಸಿದ್ದೇಶ ಎದ್ದು ಓಡಾಡುವಂತಾದ. ಕೀಲು ನೋವಿನಲ್ಲೇ ಹೋಗಿ, ಜೋಡಿಯನ್ನು ಹಿಡಿದುಕೊಂಡು ಹೊಂಗೆ ಮರದ ಕೆಳಗೆ ಬಂದ. ಹೊಸ ಲಾಳ ಕಟ್ಟಿಸಬೇಕಿತ್ತು. ನಾನೂ ಸಂತೆಯಲ್ಲೇ ಇದ್ದೆ.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಮೊದಲೆಲ್ಲ ಅವನು ಹೇಳಿದ್ದು ಮರದ ಕೆಳಗಿನಿಂದ ಚಹಾ ಅಂಗಡಿಗೆ, ಅಲ್ಲಿಂದ ಬಸ್ಸಿಗೆ ಹೋಗಿ, ಅರ್ಧ ಮರೆತುಹೋಗುತ್ತಿತ್ತು. ಈಗ ಹುಡುಗರು ಫೋನು ಹಿಡಿದು ಸುತ್ತ ನಿಂತು, ವಿಡಿಯೋ ಮಾಡಿ ತಮ್ಮ ಫೋನಿನ ಗುಂಪಿಗೆ ಬಿಡುತ್ತಿದ್ದರು. "ಅಯ್ಯ, ಈ ಸೀಜನ್ ಹೆಂಗೆ, ಯಾರು, ಏನು, ಹೇಳ್ಬುಡಿ" ಎನ್ನುವುದು. ಅವನಿಗೂ ಅದು ರುಚಿ ಹತ್ತಿತ್ತು. ಫೋನು ಕಂಡರೆ ಬಾಯಿಂದ ಮೊಳೆ ತೆಗೆದು ಪಕ್ಕಕ್ಕೆ ಇಡುತ್ತಿದ್ದ.

ಅವತ್ತೂ ಇಟ್ಟ. ಬಲಗಡೆ ಎತ್ತಿನ ಹೊರಗಿನ ಲಾಳ ಕಿತ್ತು, ಒರೆಸಿ, ಬೆರಳಾಡಿಸಿದ. ಬಹಳ ಹೊತ್ತು ಕಣ್ಣು ಬಿಡಲಿಲ್ಲ. ಆಮೇಲೆ ಫೋನಿಗೆ ಕೇಳುವ ಹಾಗೆ ಹೇಳಿದ.

"ಸಿದ್ದೇಶಂದು ಎಡಗೈ ಹೋಯ್ತು. ಕಾಯ್ಲೆ ತಿಂದ್ಬುಟ್ಟೈತೆ. ಈ ಸೀಜನ್ನು ಮೂರು ಓಟ ದಾಟಲ್ಲ ಇವ್ನು."

ಯಾರು ಓಡಿಸಿದ್ದು ಎಂದು ಕೇಳಲಿಲ್ಲ. ಗೊಬ್ಬರದ ಗಾಡಿಯ ದಿನ ಕೇಳಿದ್ದನಲ್ಲ, ಆ ಒಂದು ಪ್ರಶ್ನೆ. ಸಿದ್ದೇಶ ಎದುರಿಗೇ ನಿಂತಿದ್ದ. ಕೈ ತೋರಿಸಲಾ ಎನ್ನಬಹುದಿತ್ತು. ಅದನ್ನೂ ಅನ್ನಲಿಲ್ಲ. ಮೊಳೆಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡ.

ನಾವು ಮನೆ ಸೇರುವುದರೊಳಗೆ ಆ ಮಾತು ಪಾವಗಡ ಮುಟ್ಟಿತ್ತು. ಎರಡನೇ ದಿನ ಹನುಮಂತರಾಯಪ್ಪ ಫೋನು ಮಾಡಿ, ಸ್ವಲ್ಪ ದಿನ ರೆಸ್ಟ್ ತಗೊಳ್ಳಪ್ಪ ಎಂದರು. ಜೋಡಿ ಹೋಯಿತು. ನನಗೆ ಅದಕ್ಕಿಂತ ಸಿಟ್ಟು ಬಂದದ್ದು ಸಿದ್ದೇಶನ ಮೇಲೆ. ಪಡಸಾಲೆಯಲ್ಲಿ ಕೂತು ಎಡಗೈ ಮುಚ್ಚಿ ತೆರೆದು, ಮುಚ್ಚಿ ತೆರೆದು ನೋಡಿಕೊಳ್ಳುತ್ತಿದ್ದ.

"ಏನ್ಲಾ ಅದು?" ಎಂದೆ.

"ಅಯ್ಯ ಹೇಳವ್ರೆ ಅಂದ್ಮೇಲೆ ಇರ್ಬೇಕು ಕಣಜ್ಜಿ. ನಂಗೂ ಹಿಡಿತ ಕಮ್ಮಿ ಅನ್ನಿಸ್ತೈತೆ."

"ನಿನ್ನ ಕೈ ನಿಂಗೆ ಗೊತ್ತಾಗಲ್ವೇನ್ಲಾ? ಅದ್ಕೂ ಆ ಮುದುಕನ್ನ ಕೇಳ್ಬೇಕಾ?"

ಅವನು ಮತ್ತೆ ಕೈ ಮುಚ್ಚಿ ತೆರೆದ.

ಮರುದಿನ ನಾನು ಮಧುಗಿರಿ ಬಸ್ಸು ಹತ್ತಿದೆ. ಹನುಮಂತರಾಯಪ್ಪ ಮನೆಯಲ್ಲಿರಲಿಲ್ಲ, ಅಥವಾ ಇಲ್ಲ ಎನ್ನಿಸಿದರು. ಕೊಟ್ಟಿಗೆಯಲ್ಲಿ ಬಾಮೈದ ಜೋಡಿಗೆ ಹುರುಳಿ ಇಡುತ್ತಿದ್ದ. "ಸಿದ್ದೇಶ ಮಲಗಿದ್ದಾಗ ಇವನ್ನ ಓಡಿಸ್ದೋನು ಯಾರು?" ಎಂದು ನೇರವಾಗಿ ಕೇಳಿದೆ. ಅವನು ಮುಚ್ಚಿಡದೆ ತನ್ನ ತೆಲುಗು ಬೆರೆತ ಪಾವಗಡದ ಮಾತಿನಲ್ಲಿ ಹೇಳಿದ.

"ನಾನೇ ಕದಾ ಅಜ್ಜಿ. ದಿನಾ ಟಾರು ರಸ್ತೇಲಿ ಪಾವಗಡ ಕಡೆ ಓಡಿಸ್ಕೊಂಡ್ ಬರ್ತಿದ್ನಿ. ಕೇಳಿದ್ರೆ ಹೇಳ್ತಿದ್ನಿ. ಯಾರೂ ಕೇಳ್ಳೇ ಇಲ್ಲ ಕದಾ."

ಅವನ ಮೇಲೆ ನನಗೆ ಕೋಪ ಬರಲಿಲ್ಲ. ಅವನ ಕೈಯಿಂದ ಕಿತ್ತುಕೊಂಡದ್ದು ಅವನ ಕೈಗೆ ವಾಪಸು ಬಂದಿತ್ತು. ಅವನು ಯಾಕೆ ಬೇಡ ಎನ್ನುತ್ತಾನೆ?

ಅಲ್ಲಿಂದ ಸೀದಾ ಶಿರಾಕ್ಕೆ ಹೋದೆ. ಲಾಳದಯ್ಯ ಮನೆಯ ಮುಂದೆ ಕಲ್ಲಿನ ಮೇಲೆ ಕೂತು ಲಾಳದ ಅಂಚಿಗೆ ಅರ ಹಾಕಿ ಉಜ್ಜುತ್ತಿದ್ದ. ನನ್ನನ್ನು ಕಂಡು ಒಳಗೆ ಚಹಾಕ್ಕೆ ಹೇಳಿದ. ಚಹಾ ಬೇಡವೆಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವನು ಎದ್ದು ಒಳಗೆ ಹೋಗಿ ತಂತಿಗೆ ಪೋಣಿಸಿದ ಹಳೇ ಲಾಳಗಳ ದೊಡ್ಡ ಗೊಂಚಲು ತಂದ. ಓಟದ ಎತ್ತುಗಳ ಲಾಳವನ್ನು ಅವನು ಎಸೆಯುತ್ತಲೇ ಇರಲಿಲ್ಲವಂತೆ. ಎರಡು ಲಾಳ ಬಿಚ್ಚಿದ. ಒಂದು, ಮೊದಲು ಬಾಮೈದ ಓಡಿಸುತ್ತಿದ್ದ ಕಾಲದ್ದು. ಇನ್ನೊಂದು, ಮೊನ್ನೆ ಹೊಂಗೆ ಮರದ ಕೆಳಗೆ ಕಿತ್ತದ್ದು. ಒಂದರ ಮೇಲೆ ಹೆಬ್ಬೆರಳು ಆಡಿಸಿದ. ಇನ್ನೊಂದರ ಮೇಲೆ ಆಡಿಸಿದ. ಬೆರಳು ಅಲ್ಲೇ ನಿಂತಿತು.

ನನಗೆ ಲಾಳ ನೋಡಲು ಬರುವುದಿಲ್ಲ. ಮುಖ ನೋಡಲು ಬರುತ್ತದೆ. ಎರಡೂ ಒಂದೇ ಕೈಯೆಂದು ಅವನಿಗೆ ಗೊತ್ತಾಯಿತು.

"ಲಾಳ ಸುಳ್ಳು ಹೇಳಲ್ಲ ಕಣಮ್ಮ" ಎಂದ.

"ಲಾಳ ಸುಳ್ಳು ಹೇಳ್ತು ಅಂತ ನಾನು ಅಂದ್ನಾ? ಯಾರ ಕೈಯಿ ಅಂತ ನೀನು ಕೇಳ್ಲಿಲ್ಲ. ಈಗ ಗೊತ್ತಾಯ್ತಲ್ಲ. ಅದೇ ಹುಡುಗ್ರನ್ನ ಕರ್ಸು, ಅದೇ ಫೋನಿಗೆ ಹೇಳು, ತಪ್ಪಾಯ್ತು, ಅದು ಸಿದ್ದೇಶನ ಲಾಳ ಅಲ್ಲ ಅಂತ. ಒಂದೇ ಮಾತು."

ಅವನು ಲಾಳಗಳನ್ನು ತಂತಿಗೆ ಸೇರಿಸತೊಡಗಿದ. "ಅಂಗೆ ಒಂದು ಮಾತು ತಿರುಗಿಸಿದ್ರೆ ನಾಳೆ ನಾನು ಹೇಳಿದ್ದನ್ನ ಯಾರು ನಂಬ್ತಾರೆ ಹೇಳು?"

"ನಂಬ್ದೆ ಇದ್ರೆ ಏನಾಯ್ತದೆ? ಲಾಳ ಕಟ್ಟು. ಅದು ನಿನ್ನ ಕಸುಬು."

"ಈ ಸೀಜನ್ನು ಹೋಗ್ಲಿ ಬುಡಮ್ಮ. ಬರೋ ವರ್ಷ ನಾನೇ ಹೇಳ್ತೀನಿ, ಸಿದ್ದೇಶನ ಕೈ ವಾಪಸ್ ಬಂದೈತೆ ಅಂತ. ಅಲ್ಲಿಗೆ ಸರಿಹೋಯ್ತದೆ."

ಇದು ಕೇಳಿ ನನ್ನ ಮೈ ಉರಿಯಿತು. ಹೋಗದೇ ಇದ್ದ ಕೈಯನ್ನು ಅವನು ವಾಪಸು ತರಿಸಿಕೊಡುತ್ತಾನಂತೆ. ಆ ಉಪಕಾರಕ್ಕೂ ನಾನು ಒಬ್ಬಟ್ಟು ಮಾಡಬೇಕೇನೋ. "ನಮ್ಮನೇಲಿ ಇನ್ನು ನಿಂಗೆ ಮುದ್ದೆ ಇಲ್ಲ" ಎಂದು ಹೇಳಿ ಎದ್ದು ಬಂದೆ. ಚಹಾ ತಂದ ಅವನ ಸೊಸೆ ಲೋಟ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು.

ಬರುವ ವರ್ಷ ಬರಲಿಲ್ಲ. ಆ ಸೀಜನ್ನಿನಲ್ಲಿ ಒಳ್ಳೇ ಎತ್ತು ಇದ್ದ ಯಾರೂ ಸಿದ್ದೇಶನ ಕೈಗೆ ಹಗ್ಗ ಕೊಡಲಿಲ್ಲ. ಕೊರಟಗೆರೆ ಕಡೆಯ ಒಬ್ಬ, ಎತ್ತಿನ ಮೇಲಿನ ಆಸೆಗೆ ಎರಡು ಹೋರಿ ಸಾಕಿದ್ದ. ಜೊತೆಯಾಗಿ ನೊಗಕ್ಕೆ ಬಿದ್ದು ಇನ್ನೂ ಹದಿನೈದು ದಿನ ಆಗಿರಲಿಲ್ಲ ಅವು. ಅವನ್ನು ಸಿದ್ದೇಶನಿಗೆ ಕೊಟ್ಟ. ಬೇಡ ಎಂದೆ. "ಮನೇಲಿ ಕೂತ್ರೆ ಹೌದು ಅಂದಂಗಾಯ್ತದೆ ಅಜ್ಜಿ" ಎಂದ. ಮೊದಲ ಓಟದಲ್ಲಿ ಹೇಗೋ ಮುಟ್ಟಿಸಿದ. ಎರಡನೆಯದರಲ್ಲಿ, ಪಾವಗಡದ ಹತ್ತಿರ, ಹೋರಿಗಳು ಜನರ ಕೂಗಿಗೆ ಬೆದರಿ ಒಂದು ಆ ಕಡೆ, ಒಂದು ಈ ಕಡೆ ಎಳೆದವು. ಗಾಡಿ ಮಗುಚಿತು. ಗಾಲಿ ಅವನ ಎಡ ಮಣಿಕಟ್ಟಿನ ಮೇಲೆ ಹೋಯಿತು.

ಆಸ್ಪತ್ರೆಯಲ್ಲಿ ಅವನನ್ನು ನೋಡಲು ಬಂದವರು ಏನೆಂದರು ಗೊತ್ತೇ? ಹಾಸಿಗೆಯ ಪಕ್ಕದಲ್ಲಿ ನಿಂತು, ಅವನಿಗೆ ಕೇಳುವ ಹಾಗೆ, "ಎಡಗೈ ಅಂದಿದ್ರು, ಎಡಗೈಯೇ ಹೋಯ್ತು ನೋಡು. ಮೂರು ಓಟ ದಾಟಲ್ಲ ಅಂದಿದ್ರು, ದಾಟ್ಲಿಲ್ಲ. ಏನು ಬಾಯಪ್ಪ ಅಯ್ಯಂದು" ಎಂದರು. ಬಾಳೆಹಣ್ಣು ತಂದಿದ್ದರು. ಬಾಳೆಹಣ್ಣನ್ನು ಅವರ ಕೈಗೇ ವಾಪಸು ಕೊಟ್ಟು ಕಳಿಸಿದೆ.

ಆ ಸೀಜನ್ನಿನಲ್ಲಿ ಹನುಮಂತರಾಯಪ್ಪನ ಜೋಡಿ ಬಾಮೈದನ ಕೈಯಲ್ಲಿ ಒಂದು ಓಟವನ್ನೂ ಗೆಲ್ಲಲಿಲ್ಲ. ಅದನ್ನು ಯಾರೂ ಎತ್ತಿ ಆಡಲಿಲ್ಲ. ಆ ವರ್ಷ ಲಾಳದಯ್ಯ ಅವನ ಬಗ್ಗೆ ಏನೂ ಹೇಳಿರಲಿಲ್ಲವಲ್ಲ. ಹೇಳಿದ್ದರಲ್ಲಿ ನಿಜವಾದದ್ದು ಜನಕ್ಕೆ ನೆನಪಿರುತ್ತದೆ. ಬಾಯಿ ಮುಚ್ಚಿಕೊಂಡು ಕೂತದ್ದು ಯಾರಿಗೆ ನೆನಪಿರುತ್ತದೆ? ಸಿದ್ದೇಶನ ಮಣಿಕಟ್ಟು ಕೂಡಿತು, ಆದರೆ ಪೂರ್ತಿ ಮಡಚುವುದಿಲ್ಲ. ಈಗ ಶಿರಾದಲ್ಲಿ ಕಡಲೆಕಾಯಿ ಮಿಲ್ಲಿನಲ್ಲಿ ಯಂತ್ರದ ಮುಂದೆ ನಿಲ್ಲುತ್ತಾನೆ. ಓಟದ ದಿನ ಮಿಲ್ಲಿಗೆ ರಜಾ ಕೊಟ್ಟರೂ ಹೋಗಿ ಅಲ್ಲೇ ಕೂತಿರುತ್ತಾನೆ.

ಲಾಳದಯ್ಯ ಆಮೇಲೂ ಸಂತೆಗೆ ಬರುತ್ತಿದ್ದ. ನಮ್ಮ ಬೀದಿಗೆ ಬರುತ್ತಿರಲಿಲ್ಲ. ಫೋನಿನ ಮುಂದೆ ಹೇಳುವುದನ್ನು ಮಾತ್ರ ಬಿಡಲಿಲ್ಲ. ಜನ ಮೊದಲಿಗಿಂತ ಹೆಚ್ಚು ನಂಬಿದರು, ನನ್ನ ಮೊಮ್ಮಗನ ಕೈ ತೋರಿಸಿ ನಂಬಿದರು.

ಹೋದ ತಿಂಗಳು ಅವನ ಸೊಸೆ ಫೋನು ಮಾಡಿದಳು. "ಮಾವ ಹಾಸಿಗೆ ಹಿಡಿದವ್ರೆ ಅಜ್ಜಿ. ನಿಮ್ಮನ್ನ ಒಂದ್ಸಲ ಬರೋಕೆ ಹೇಳು ಅಂತಾರೆ" ಎಂದಳು. ಹೋದೆ. ಕರುಣೆಯಿಂದ ಹೋದೆ ಅಂದುಕೊಳ್ಳಬೇಡಿ. ಈಗಲಾದರೂ ಹೇಳುತ್ತಾನೆ ಎಂದು ಹೋದೆ.

ಮಧ್ಯಾಹ್ನದ ಹೊತ್ತು. ಮಂಚದ ಮೇಲೆ ಮೈ ಅನ್ನುವುದೇ ಇರಲಿಲ್ಲ, ಕೈ ಮಾತ್ರ ಹಾಗೇ ದೊಡ್ಡದಾಗಿ ಉಳಿದಿತ್ತು. ಸೊಸೆಯನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಸಿದ. ದಿಂಬಿನ ಕೆಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಲಾಳ ತೆಗೆದು ನನ್ನ ಕೈಗಿಟ್ಟ. ಒಂದು ಅಂಚು ಕಾಗದದಷ್ಟು ತೆಳ್ಳಗಾಗಿತ್ತು.

"ಇದು ನಿನ್ನ ಮೊಮ್ಮಗಂದಲ್ಲ ಕಣಮ್ಮ. ಅವತ್ತೇ ಗೊತ್ತಾಯ್ತು" ಎಂದ.

"ನಂಗ್ಯಾಕೆ ಹೇಳ್ತೀಯ? ನಂಗೆ ಮೊದ್ಲೇ ಗೊತ್ತು. ಬಾಗಿಲು ತೆಗೆಸ್ತೀನಿ. ನಿನ್ನ ಸೊಸೆ ಹತ್ರ ಫೋನೈತೆ. ಅದಕ್ಕೆ ಹೇಳು."

ಅವನು ಬಾಗಿಲ ಕಡೆ ನೋಡಿದ. ಫೋನಿಗೆ ಹೇಳಬೇಕೋ ಬೇಡವೋ ಎಂದು ಅಳೆಯುತ್ತಿದ್ದ ಅನ್ನಿಸಿತು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ. ಸಾಯುವ ಹೊತ್ತಿಗೂ ಅವನಿಗೆ ತನ್ನ ಹೆಸರೇ ಹೆಚ್ಚಾಯಿತು. ನನ್ನ ಹತ್ತಿರ ಒಪ್ಪಿಕೊಂಡು ಅವನು ಹಗುರಾದ. ಭಾರ ಇದ್ದ ಕಡೆಯೇ ಇತ್ತು. ನಾನು ಲಾಳವನ್ನು ಸೆರಗಿಗೆ ಕಟ್ಟಿಕೊಂಡು ಬಂದೆ. ವಾರಕ್ಕೆ ಸತ್ತ.

ಈಗ ಪುಸ್ತಕ ಬಿಡುಗಡೆಯ ದಿನ ಸಿದ್ದೇಶನನ್ನು ವೇದಿಕೆಗೆ ಕರೆದಿದ್ದಾರೆ. ಅಯ್ಯನ ಮಾತು ತನ್ನ ಬದುಕಿನಲ್ಲಿ ಹೇಗೆ ನಿಜವಾಯಿತೆಂದು ಅವನು ಎರಡು ಮಾತು ಆಡಬೇಕಂತೆ. ಕೇಳಲು ಬಂದ ಹುಡುಗರಿಗೆ ನಾಚಿಕೆ ಇರಲಿಲ್ಲ. ಸಿದ್ದೇಶನಿಗೆ ಸಿಟ್ಟೂ ಬರಲಿಲ್ಲ. "ಎರಡು ಮಾತು ತಾನೇ, ಹೋಗ್ಲಿ ಬುಡಜ್ಜಿ, ಸತ್ತೋರ ಮೇಲೆ ಏನು" ಎಂದ. ಲಾಳದ ವಿಷಯ ಎಷ್ಟು ಸಲ ಬಾಯಲ್ಲಿ ಹೇಳಿದರೂ, ನಾನು ಅಜ್ಜಿಯಾಗಿ ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಿದ್ದ.

ನಾನು ಸುತ್ತಿಗೆ ತಂದು ಆ ಲಾಳವನ್ನು ಮನೆ ಬಾಗಿಲಿನ ಚೌಕಟ್ಟಿಗೆ ಹೊಡೆದೆ. ತಲೆಯ ಮೇಲಲ್ಲ, ಕೈಗೆ ಸಿಗುವ ಎತ್ತರಕ್ಕೆ. ಪಕ್ಕದ ಮನೆಯವಳು ಬಂದು, "ಏನಜ್ಜಿ, ದೃಷ್ಟಿಗಾ?" ಎಂದಳು. "ದೃಷ್ಟಿಗಲ್ಲ, ಕೂತ್ಕೋ, ಹೇಳ್ತೀನಿ" ಎಂದು ಮೊದಲಿನಿಂದ ಕೊನೆ ತನಕ ಹೇಳಿದೆ. ಹಾಲಿನವನಿಗೆ ಹೇಳಿದೆ. ಮೀಟರು ನೋಡಲು ಬಂದವನಿಗೆ ಹೇಳಿದೆ. ಅವನು ಹೇಳದೇ ಹೋದದ್ದನ್ನು ನಾನು ಹೇಳುತ್ತಿದ್ದೇನೆ, ಒಬ್ಬೊಬ್ಬರಿಗೆ. ನನ್ನ ಹತ್ತಿರ ಫೋನಿನ ಗುಂಪಿಲ್ಲ.

ಭಾನುವಾರ ಸಿದ್ದೇಶ ಮಿಲ್ಲಿನಿಂದ ಬಂದ. ಚಪ್ಪಲಿ ಬಿಡುವಾಗ ಲಾಳ ಕಣ್ಣಿಗೆ ಬಿತ್ತು. ಸೋತ ಎಡಗೈಯ ಹೆಬ್ಬೆರಳನ್ನೇ ಅದರ ಮೇಲಿಟ್ಟ, ಆ ಮುದುಕನ ಹಾಗೇ ಕಣ್ಣು ಮುಚ್ಚಿ ಆಡಿಸಿದ. ನಾನು ಒಳಗೆ ರಾಗಿ ಮುದ್ದೆ ತೊಳಸುತ್ತಿದ್ದೆ, ಕೋಲು ನಿಲ್ಲಿಸಿದೆ.

"ಇದು ಹೊರಗಡೆ ಸವೆದೈತೆ" ಎಂದ. ಇನ್ನೊಮ್ಮೆ ಬೆರಳು ಆಡಿಸಿದ. "ನಾನು ಓಡಿಸಿದ್ರೆ ಇಂಗೆ ಸವೆಯಲ್ಲ ಕಣಜ್ಜಿ. ಇದು ನನ್ ಕೈಯಲ್ಲ."

"ಅದನ್ನೇ ಹೋಗಿ ಅಲ್ಲಿ ಹೇಳು" ಎಂದೆ.

ಹೇಳುತ್ತೇನೆ ಎಂದಿದ್ದಾನೆ. ಲಾಳವನ್ನು ಕಿತ್ತು ಜೇಬಿನಲ್ಲಿ ಇಟ್ಟುಕೊಂಡು ಬರುತ್ತಾನೆ. ಆದ್ದರಿಂದ ಹುಡುಗರೇ, ಕಾರ್ಯಕ್ರಮದ ಮುಂಚೆ ಆ ಫ್ಲೆಕ್ಸಿನ ಕೆಳಗಿನ ಸಾಲು ತೆಗೆಸಿ. ಮೋಡ ಬೇಕಾದರೆ ಇರಲಿ.